ಸ್ಟೀಲ್, ತಾಮ್ರ, ಗಾಜು, ಪ್ಲಾಸ್ಟಿಕ್: ಹುದುಗಿಸುವ ಸಾಮಾನನ್ನು ಯಾವುದರಿಂದ ತೊಳೆಯಬೇಕು?

ಶುಂಠಿಸೋಡಾ_ಜಯನಗರ:

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಅಮೆರಿಕದಿಂದ ವಾಪಸ್ ಬಂದಿದ್ದಾನೆ. ಅಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರ 1978ರಲ್ಲೇ ಕಾನೂನು ಮಾಡಿ ಬಿಟ್ಟುಕೊಟ್ಟಿದೆ. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಹಾಗಾಗಿ ಸಾಮಾನೆಲ್ಲ ನನಗೆ ಕೊಟ್ಟುಬಿಟ್ಟ. ನಾನು ಕೊಂಬುಚಾ (ಸಿಹಿ ಟೀ ಹುದುಗಿಸಿ ಮಾಡುವ ಹುಳಿ ಪಾನೀಯ), ಶುಂಠಿ ಸೋಡಾ ಮಾಡುವವಳು.

ಇರುವುದು ಇಷ್ಟು: ನಲ್ಲಿ ಇರುವ ದೊಡ್ಡ ಸ್ಟೀಲ್ ಪಾತ್ರೆ, ತಾಮ್ರದ ಸುರುಳಿ ಕೊಳವೆ, ಕಿರಿದಾದ ಕತ್ತಿನ ಗಾಜಿನ ಜಾಡಿ, ಮುಚ್ಚಳದ ಬಿಳಿ ಪ್ಲಾಸ್ಟಿಕ್ ಬಕೆಟ್, ಸಿಲಿಕೋನ್ ಪೈಪ್, ಒಂದು ಪಾರದರ್ಶಕ ಸೈಫನ್ (ದ್ರವವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಇಳಿಸುವ ಕೊಳವೆ). ಜಾಡಿಯ ತಳದಲ್ಲಿ ಹಳೇ ಗಸಿ ಕಂದು ಬಣ್ಣಕ್ಕೆ ಒಣಗಿ ಅಂಟಿಕೊಂಡಿದೆ. ಸುರುಳಿಯ ಮೇಲೆ ಅಲ್ಲಲ್ಲಿ ಹಸಿರು ಕಿಲುಬು.

ಮನೆಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್, ಬ್ಲೀಚ್, ವಿನೆಗರ್, ಅಡುಗೆ ಸೋಡಾ ಇವೆ. ಎಲ್ಲದಕ್ಕೂ ಒಂದೇ ಸಾಕಾ? ನಮ್ಮಲ್ಲಿ ವಾರಕ್ಕೆ ಎರಡು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್ ನೀರು. ಅದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ಹುದುಗು_ಹೆಬ್ಬಾಳ:

ಒಂದೇ ಸಾಕಾಗಲ್ಲ. ಸಾಮಾನು ಯಾವುದರದ್ದು ಅಂತ ಮೊದಲು ನೋಡಬೇಕು, ಆಮೇಲೆ ತೊಳೆಯುವ ಪುಡಿ ಆರಿಸಬೇಕು. ಜಾಸ್ತಿ ಜನ ಇದನ್ನೇ ತಿರುವುಮುರುವು ಮಾಡುತ್ತಾರೆ. ಖಾರವಾದ ಕ್ಲೀನರ್ ತಂದರೆ ಎಲ್ಲಾ ಸ್ವಚ್ಛ ಆಗುತ್ತೆ ಅಂದುಕೊಳ್ಳುತ್ತಾರೆ.

ಇನ್ನೊಂದು ವಿಷಯ. ತೊಳೆಯುವುದು ಬೇರೆ, ಸೂಕ್ಷ್ಮಜೀವಿ ಕೊಲ್ಲುವುದು ಬೇರೆ. ಎರಡೂ ಬೇಕು, ಅದೇ ಕ್ರಮದಲ್ಲಿ ಬೇಕು. ಗಸಿ ಅಂಟಿಕೊಂಡಿರುವ ಜಾಡಿಗೆ ಎಷ್ಟು ಸ್ಯಾನಿಟೈಸರ್ ಸುರಿದರೂ ಅದು ಗಸಿಯ ಮೇಲ್ಭಾಗವನ್ನಷ್ಟೇ ಮುಟ್ಟುತ್ತೆ. ಒಳಗಿರುವ ಬ್ಯಾಕ್ಟೀರಿಯಾ ಆರಾಮಾಗಿ ಇರುತ್ತವೆ.

ತೊಳೆಯುವುದಕ್ಕೆ ನನ್ನ ಆಯ್ಕೆ ಸೋಡಿಯಂ ಪರ್‌ಕಾರ್ಬೋನೇಟ್. ಆಕ್ಸಿಜನ್ ಬ್ಲೀಚ್ ಅಂತಲೂ ಕರೆಯುತ್ತಾರೆ, ಆನ್‌ಲೈನ್‌ನಲ್ಲಿ ಸಿಗುತ್ತೆ. ನೀರಿಗೆ ಬಿದ್ದ ಕೂಡಲೇ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತೆ. ಸೋಡಾ ಜಿಡ್ಡು ಬಿಡಿಸುತ್ತೆ, ಪೆರಾಕ್ಸೈಡ್ ಕಲೆಯನ್ನು ತಿನ್ನುತ್ತೆ. ಇದರಲ್ಲಿ ಕ್ಲೋರಿನ್ ಇಲ್ಲ. 4 ಲೀಟರ್ ನೀರಿಗೆ 1 ಟೇಬಲ್ ಚಮಚ ಹಾಕಿ. ನೀರು 50ರಿಂದ 60 ಡಿಗ್ರಿ ಬಿಸಿ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತೆ. ತಣ್ಣೀರಲ್ಲಿ ನಿಧಾನ.

ನಿಮ್ಮ ಜಾಡಿಗೆ ಇದನ್ನೇ ತುಂಬಿ ಕೆಲವು ಗಂಟೆ ಬಿಡಿ. ಗಸಿ ಹಾಳೆಹಾಳೆಯಾಗಿ ಎದ್ದು ಮೇಲೆ ತೇಲುತ್ತೆ. ಅಂಥ ಕತ್ತಿನೊಳಗೆ ಬ್ರಷ್ ತೂರಿಸಿ ಗುದ್ದಾಡುವ ಅಗತ್ಯವೇ ಇಲ್ಲ. ಆದರೆ ಮುಚ್ಚಳ ಬಿಗಿಯಾಗಿ ಹಾಕಬೇಡಿ. ಪೆರಾಕ್ಸೈಡ್‌ನಿಂದ ಆಮ್ಲಜನಕ ಹೊರಬರುತ್ತಲೇ ಇರುತ್ತೆ, ಒತ್ತಡ ಏರಿ ಜಾಡಿ ಒಡೆಯಬಹುದು. ಕಲಸಿದ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಎತ್ತಿಡುವುದೂ ಬೇಡ, ಅದೇ ಕಾರಣಕ್ಕೆ.

ಬಿಸಿ ನೀರು ಹಾಕುವಾಗ ಜಾಡಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಿಂದ ಕಾಯಿಸಿ. ಅದು ಸಾದಾ ಗಾಜು, ಲ್ಯಾಬ್‌ನ ಬಿಸಿ ತಡೆಯುವ ಬೋರೋಸಿಲಿಕೇಟ್ ಅಲ್ಲ. ಡಿಸೆಂಬರ್ ಬೆಳಿಗ್ಗೆ ತಣ್ಣಗಿನ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಕುದಿ ನೀರು ಸುರಿದರೆ ತಳ ಕಳಚಿಕೊಂಡು ಬರುತ್ತೆ.

ಬ್ಯಾಟರಾಯನಪುರ_ಬಾಟಲಿ:

ಇಷ್ಟೆಲ್ಲಾ ಯಾಕೆ ಗುರು? ಬ್ಲೀಚ್ ಸಾಕು. ಅಗ್ಗ, ಪಕ್ಕದ ಅಂಗಡಿಯಲ್ಲೇ ಸಿಗುತ್ತೆ. ಆಸ್ಪತ್ರೆಯಲ್ಲೂ ಅದನ್ನೇ ಬಳಸುತ್ತಾರೆ. ನೆನೆಸಿ, ತೊಳೆದು, ಬಿಸಿಲಿಗೆ ಇಟ್ಟರೆ ಆಯ್ತು.

ಡೈರಿ_ಮೇಷ್ಟ್ರು:

ಬ್ಲೀಚ್ ಕೊಲ್ಲುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಲ್ಲಿ ಬಳಸುತ್ತೀರಿ ಅನ್ನುವುದು ಮುಖ್ಯ. ನಾನು ಹಾಲಿನ ಉದ್ಯಮದಲ್ಲಿ ಸ್ಟೀಲ್ ಟ್ಯಾಂಕ್‌ಗಳ ಜೊತೆಗೇ ಕೆಲಸ ಮಾಡಿದವನು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದಕ್ಕೆ ಕಾರಣ ಅದರಲ್ಲಿರುವ ಕ್ರೋಮಿಯಂ. 304 ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತೆ. ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪದರ ಕಟ್ಟುತ್ತೆ. ಪಾತ್ರೆಯನ್ನು ಕಾಯುವುದೇ ಆ ಪದರ. ಬ್ಲೀಚ್‌ನಲ್ಲಿರುವ ಕ್ಲೋರೈಡ್ ಅದನ್ನು ಒಂದೊಂದು ಬಿಂದುವಿನಲ್ಲಿ ಚುಚ್ಚುತ್ತೆ. ಒಮ್ಮೆ ತೂತು ಶುರುವಾದರೆ ಆಳಕ್ಕೆ ಇಳಿಯುತ್ತಲೇ ಹೋಗುತ್ತೆ. ಪಾತ್ರೆ ಹೊಳೆಯುತ್ತಲೇ ಇರುತ್ತೆ, ಆದರೆ ಬೆರಳ ತುದಿ ಆಡಿಸಿದರೆ ಸೂಜಿ ಮೊನೆಯಷ್ಟು ಗುಳಿಗಳು ಸಿಗುತ್ತವೆ. ಆ ಗುಳಿಯೊಳಗೆ ಬ್ರಷ್ ಹೋಗಲ್ಲ, ಬ್ಯಾಕ್ಟೀರಿಯಾ ಹೋಗುತ್ತೆ.

ಟಾಯ್ಲೆಟ್ ಕ್ಲೀನರ್ ಇನ್ನೂ ಕೆಟ್ಟದ್ದು. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತೆ. ಸ್ಟೀಲ್ ಹತ್ತಿರ ಸುಳಿಯಕೂಡದು. ಉಪ್ಪು ನೀರು ರಾತ್ರಿಯಿಡೀ ಪಾತ್ರೆಯಲ್ಲಿ ಬಿಡುವುದೂ ಬೇಡ.

ಬೆಂಗಳೂರಿನ ಪಾತ್ರೆ ಅಂಗಡಿಗಳಲ್ಲಿ ಸಿಗುವ ಅಗ್ಗದ ಸ್ಟೀಲ್ ಎಷ್ಟೋ ಸಲ 200 ಸರಣಿಯದ್ದು. ಅದರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಬೇಗ ಕಲೆ ಬೀಳುತ್ತೆ. ಆ ಪಾತ್ರೆಯಾದರೆ ಬ್ಲೀಚ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತೆ ಅಂತ ಹೇಳುತ್ತಾರೆ. ಗೊತ್ತಾಗಲ್ಲ. ಸಾಮಾನ್ಯವಾಗಿ ಎರಡಕ್ಕೂ ಅಂಟುವುದಿಲ್ಲ.

ಸ್ಟೀಲ್‌ಗೆ ಪರ್‌ಕಾರ್ಬೋನೇಟ್ ಒಳ್ಳೆಯದು. ತಳ ಹಿಡಿದಿದ್ದರೆ ನೆನೆಸಿ ಮೆತ್ತಗಾದ ಮೇಲೆ ಮೆದು ಸ್ಪಂಜಿನಲ್ಲಿ ಒರೆಸಿ. ಕಬ್ಬಿಣದ ತಂತಿ ನಾರು ಬೇಡವೇ ಬೇಡ. ಅದರ ಚೂರುಗಳು ಪಾತ್ರೆಯಲ್ಲಿ ಸಿಕ್ಕಿಕೊಂಡು ಅವೇ ತುಕ್ಕು ಹಿಡಿಯುತ್ತವೆ, ಜನ ಪಾತ್ರೆಯನ್ನು ಬೈಯುತ್ತಾರೆ.

ಬ್ಯಾಟರಾಯನಪುರ_ಬಾಟಲಿ:

ಮೇಷ್ಟ್ರೇ, ಸ್ಟೀಲ್ ವಿಷಯ ಒಪ್ಪಿದೆ. ಗಾಜಿಗೆ ಬ್ಲೀಚ್ ಬಳಸಬಹುದಲ್ವಾ?

ಡೈರಿ_ಮೇಷ್ಟ್ರು:

ಗಾಜಿಗೆ ಅದರಿಂದ ಹಾನಿ ಇಲ್ಲ. 4 ಲೀಟರ್ ತಣ್ಣೀರಿಗೆ 1 ಟೇಬಲ್ ಚಮಚ ಸುವಾಸನೆ ಇಲ್ಲದ ಬ್ಲೀಚ್, 20 ನಿಮಿಷ, ಆಮೇಲೆ ಕುದಿಸಿ ಆರಿಸಿದ ನೀರಿನಿಂದ ಚೆನ್ನಾಗಿ ತೊಳೆಯಬೇಕು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಪಾನೀಯ ಕೆಡುತ್ತೆ. ಉಳಿದ ಕ್ಲೋರಿನ್, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್‌ನ ಫೀನಾಲ್‌ಗಳ ಜೊತೆ ಸೇರಿದರೆ ಆಸ್ಪತ್ರೆ ವಾಸನೆ, ಬ್ಯಾಂಡೇಜ್ ವಾಸನೆ ಬರುತ್ತೆ. ಅತಿ ಕಡಿಮೆ ಪ್ರಮಾಣದಲ್ಲೇ ನಾಲಿಗೆಗೆ ತಿಳಿಯುತ್ತೆ. ಇನ್ನು ಕೊಂಬುಚಾದಲ್ಲಿ ಅದನ್ನು ಹುದುಗಿಸುವ ಸೂಕ್ಷ್ಮಜೀವಿಗಳ ಪೊರೆಗೇ, ಅಂದರೆ ಸ್ಕೋಬಿಗೇ ಪೆಟ್ಟು.

ಒಂದು ಮಾತು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ ಅಂದುಕೊಂಡು ಓದಿ. ಬ್ಲೀಚ್ ಜೊತೆ ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ (ಸಿಟ್ರಿಕ್ ಆಮ್ಲ), ಯಾವ ಹುಳಿಯೂ ಬೆರೆಸಬೇಡಿ. ಕ್ಲೋರಿನ್ ಅನಿಲ ಬರುತ್ತೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಜೊತೆಗೂ ಬೇಡ. ನಮ್ಮ ಫ್ಲ್ಯಾಟ್‌ಗಳ ಯುಟಿಲಿಟಿ ಜಾಗ ಎಷ್ಟು ಚಿಕ್ಕದಿರುತ್ತೆ ನಿಮಗೇ ಗೊತ್ತು. ಕಿಟಕಿ ಮುಚ್ಚಿಕೊಂಡು ಇಂಥದ್ದನ್ನು ಬೆರೆಸಿದರೆ ಉಸಿರು ಕಟ್ಟುತ್ತೆ.

ತಾಮ್ರದ_ಚೆಂಬು:

ಸುರುಳಿ ವಿಷಯ ನಾನು ಹೇಳುತ್ತೇನಮ್ಮ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಅತ್ತೆ ಕಾಲದಿಂದ ತಾಮ್ರ, ಹಿತ್ತಾಳೆ ಎರಡೂ ಬಳಕೆಯಲ್ಲಿವೆ.

ಕಿಲುಬಿಗೆ ಹುಣಸೆಹಣ್ಣೇ ಸಾಕು. ನೆನೆಸಿ ಕಿವುಚಿದ ಹುಣಸೆರಸದಲ್ಲಿ ಸುರುಳಿ ಮುಳುಗಿಸಿ ಸ್ವಲ್ಪ ಹೊತ್ತು ಬಿಡಿ. ವಿನೆಗರ್ ಅಥವಾ ನಿಂಬೆ ಉಪ್ಪಿನ ನೀರೂ ಅದೇ ಕೆಲಸ ಮಾಡುತ್ತೆ. ಎಲ್ಲಾ ಹುಳಿಯ ಕೆಲಸ. ಕಪ್ಪು ಕರಗಿ ತಾಮ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದ ಹಾಗೆ ತೆಗೆದು, ಧಾರಾಳವಾಗಿ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಒದ್ದೆಯಾಗಿ ಬಿಟ್ಟರೆ ಮತ್ತೆ ಹಸಿರು ಬರುತ್ತೆ. ಆ ಹಸಿರು ಹೊಟ್ಟೆಗೆ ಹೋಗಬಾರದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಸಾರು ಮಾಡುತ್ತಿರಲಿಲ್ಲ, ಇದೇ ಕಾರಣಕ್ಕೆ.

ಆಮೇಲೆ, ಕೊಂಬುಚಾಕ್ಕೆ ಆ ಸುರುಳಿ ಮುಟ್ಟಿಸಬೇಡಿ. ಅದು ಹುಳಿ. ತಾಮ್ರವನ್ನು ಕರಗಿಸಿಕೊಳ್ಳುತ್ತೆ.

ಹುದುಗು_ಹೆಬ್ಬಾಳ:

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಕೊಂಬುಚಾದ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2.5ರಿಂದ 3.5ರ ಮಧ್ಯೆ ಇರುತ್ತೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಯಾವುದೂ ಅದಕ್ಕೆ ಆಗಿಬರಲ್ಲ. ಬಿಯರ್ ಮಾಡುವವರು ಕುದಿಸಿದ ಮಾಲ್ಟ್ ನೀರನ್ನು ತಣ್ಣಗೆ ಮಾಡಲು ಆ ಸುರುಳಿ ಮುಳುಗಿಸುತ್ತಾರೆ. ಅದು ಅಷ್ಟು ಹುಳಿಯೂ ಅಲ್ಲ, ಮುಳುಗಿರುವುದೂ ಸ್ವಲ್ಪ ಹೊತ್ತು. ಹಾಗಾಗಿ ಅವರಿಗೆ ನಡೆಯುತ್ತೆ.

ಒಂದು ಸೇರಿಸಬೇಕು. ವಿನೆಗರ್ ಜೊತೆ ಪೆರಾಕ್ಸೈಡ್ ಬೆರೆಸಿ ತಾಮ್ರ ತೊಳೆಯಬೇಡಿ. ಬೇಗ ಹೊಳಪು ಬರುತ್ತೆ ನಿಜ, ಆದರೆ ಹೊಳಪಿನ ಜೊತೆ ತಾಮ್ರವೂ ಕರಗಿ ನೀರು ನೀಲಿಯಾಗುತ್ತೆ.

ಶುಂಠಿಸೋಡಾ_ಜಯನಗರ:

ಹಾಗಾದರೆ ಸುರುಳಿಯನ್ನು ಏನು ಮಾಡಲಿ? ಶುಂಠಿ ಸೋಡಾಗೆ ಸಕ್ಕರೆ ಪಾಕ ಆರಿಸಲು ಬಳಸಬಹುದಾ?

ಹುದುಗು_ಹೆಬ್ಬಾಳ:

ನಿಂಬೆರಸ ಹಾಕುವ ಮೊದಲಾದರೆ ಬಳಸಿ. ಆದರೆ ನಿಮ್ಮ ಅಳತೆಗೆ ಸಿಂಕ್‌ನಲ್ಲಿ ತಣ್ಣೀರು ತುಂಬಿ ಪಾತ್ರೆ ಇಟ್ಟರೆ ಸಾಕು. ಸುರುಳಿ ಒಣಗಿಸಿ ಎತ್ತಿಡಿ.

ಕೆಂಗೇರಿ_ಕಷಾಯ:

ನನ್ನದೊಂದು ಪ್ರಶ್ನೆ. ನಮ್ಮ ಮನೆಯ ದೊಡ್ಡ ಅಲ್ಯೂಮಿನಿಯಂ ಡಬರಿಯಲ್ಲಿ ಟೀ ನೀರು ಕಾಯಿಸಬಹುದಾ? ಈ ಪರ್‌ಕಾರ್ಬೋನೇಟ್‌ನಲ್ಲೇ ತೊಳೆದರೆ?

ಡೈರಿ_ಮೇಷ್ಟ್ರು:

ನೀರು ಕಾಯಿಸಿ, ತೊಂದರೆ ಇಲ್ಲ. ಅದರಲ್ಲೇ ಹುದುಗಿಸಬೇಡಿ. ತೊಳೆಯಲು ಮಾತ್ರ ಸೋಡಾ ಜಾತಿಯ ಯಾವುದೂ ಬೇಡ. ಅಲ್ಯೂಮಿನಿಯಂನ ರಕ್ಷಣಾ ಪದರ ಹುಳಿಗೂ ಕರಗುತ್ತೆ, ಕ್ಷಾರಕ್ಕೂ ಕರಗುತ್ತೆ. ವಾಷಿಂಗ್ ಸೋಡಾ ಹಾಕಿದರೆ ಕಪ್ಪಾಗುತ್ತೆ. ಕಾಸ್ಟಿಕ್ ಸೋಡಾ ಹಾಕಿದರೆ ನೊರೆ ಉಕ್ಕಿ ಹೈಡ್ರೋಜನ್ ಹೊರಬರುತ್ತೆ, ಪಾತ್ರೆ ಸವೆದೇ ಹೋಗುತ್ತೆ. ಪಾತ್ರೆ ತೊಳೆಯುವ ಸಾದಾ ಲಿಕ್ವಿಡ್, ಮೆದು ಸ್ಪಂಜು, ಅಷ್ಟೇ. ಒಳಗಿನ ಮಾಸಲು ಬೂದು ಬಣ್ಣವನ್ನು ಉಜ್ಜಿ ಬೆಳ್ಳಗೆ ಮಾಡಬೇಡಿ. ಪಾತ್ರೆಯನ್ನು ಕಾಯುತ್ತಿರುವುದು ಅದೇ.

ಇಂದಿರಾನಗರ_ನೊರೆ:

ಕಾಸ್ಟಿಕ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಊರಲ್ಲಿ ಮೈಕ್ರೋಬ್ರೂವರಿಗಳಿಗೆ ಬರವಿಲ್ಲ. ಅಲ್ಲೆಲ್ಲಾ ಟ್ಯಾಂಕ್ ತೊಳೆಯಲು ಬಿಸಿ ಕಾಸ್ಟಿಕ್ ಬಳಸುತ್ತಾರಲ್ಲ, ಮನೆಯಲ್ಲಿ ಯಾಕೆ ಬೇಡ?

ಡೈರಿ_ಮೇಷ್ಟ್ರು:

ಅಲ್ಲಿ ಟ್ಯಾಂಕ್ ಮುಚ್ಚಿರುತ್ತೆ. ಪಂಪ್, ಪೈಪ್ ಮೂಲಕವೇ ದ್ರಾವಣ ಸುತ್ತುತ್ತೆ, ಮನುಷ್ಯನ ಕೈ ಅದಕ್ಕೆ ತಾಗುವುದಿಲ್ಲ. ಡೈರಿಯಲ್ಲೂ ಹಾಗೇ. ಶೇಕಡಾ 1ರಿಂದ 2ರಷ್ಟು ಕಾಸ್ಟಿಕ್, 70-80 ಡಿಗ್ರಿ ಬಿಸಿ, ಆಮೇಲೆ ನೀರು, ಆಮೇಲೆ ಆಮ್ಲ, ಮತ್ತೆ ನೀರು. ಕೆಲಸದವರಿಗೆ ಕನ್ನಡಕ, ಉದ್ದ ಗ್ಲೌಸ್, ಬೂಟು, ತರಬೇತಿ ಎಲ್ಲಾ ಇರುತ್ತೆ. ಮನೆಯಲ್ಲಿ ಲುಂಗಿ, ಚಪ್ಪಲಿಯಲ್ಲಿ ನಿಂತು ಬಕೆಟ್‌ನಲ್ಲಿ ಕಲಸುತ್ತೇವೆ. ಒಂದು ಹನಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ದಯವಿಟ್ಟು ಬೇಡ.

ಶುಂಠಿಸೋಡಾ_ಜಯನಗರ:

ಪರ್‌ಕಾರ್ಬೋನೇಟ್ ತರಿಸಿ ಜಾಡಿಗೆ ಹಾಕಿದೆ. ಗಸಿ ಪೂರ್ತಿ ಬಿಟ್ಟುಹೋಯಿತು! ಆದರೆ ಒಣಗಿದ ಮೇಲೆ ಒಳಗೆಲ್ಲಾ ಬಿಳಿ ಪೊರೆ ಕೂತಿದೆ. ಉಗುರಲ್ಲಿ ಕೆರೆದರೆ ಸೀಮೆಸುಣ್ಣದ ಪುಡಿಯ ಹಾಗೆ ಬರುತ್ತೆ. ಮೂರು ಸಲ ನೀರಲ್ಲಿ ತೊಳೆದರೂ ಹೋಗಿಲ್ಲ.

ಹುದುಗು_ಹೆಬ್ಬಾಳ:

ಅದು ಬೋರ್‌ವೆಲ್ ನೀರಿನದ್ದು. ನೀರಿನ ಕ್ಯಾಲ್ಸಿಯಂ, ಪುಡಿಯ ಕಾರ್ಬೋನೇಟ್ ಎರಡೂ ಸೇರಿ ಸುಣ್ಣದ ಪೊರೆ ಕಟ್ಟಿದೆ. ಗಾಜಿಗೆ ಏನೂ ಆಗಿಲ್ಲ. ಮತ್ತೆ ಅದೇ ನೀರಲ್ಲಿ ತೊಳೆದರೆ ಹೋಗಲ್ಲ, ಹುಳಿ ಬೇಕು. ಲೀಟರ್ ಬೆಚ್ಚಗಿನ ನೀರಿಗೆ 2 ಚಮಚ ನಿಂಬೆ ಉಪ್ಪು ಹಾಕಿ ಆಡಿಸಿ, ನಿಮ್ಮ ಕಣ್ಣೆದುರೇ ಕರಗುತ್ತೆ. ಬಳೇಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ, ದಿನಸಿ ಅಂಗಡಿಯಲ್ಲೂ ಇರುತ್ತೆ.

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ (ನೀರಲ್ಲಿ ಕರಗಿರುವ ಸುಣ್ಣದಂಥ ಅಂಶ) ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಒಪ್ಪಿಗೆ. ಗಡಸು ನೀರಲ್ಲಿ ಪುಡಿಯೂ ಜಾಸ್ತಿ ಖರ್ಚಾಗುತ್ತೆ. ಸಾಧ್ಯವಾದರೆ ತೊಳೆಯುವ ಕೆಲಸವನ್ನು ಕಾವೇರಿ ನೀರು ಬರುವ ದಿನಕ್ಕೆ ಇಟ್ಟುಕೊಳ್ಳಿ. ಪರ್‌ಕಾರ್ಬೋನೇಟ್ ನೀರನ್ನು ಜಾಡಿಯಲ್ಲಿ ದಿನಗಟ್ಟಲೆ ಬಿಡಬೇಡಿ. ಪೊರೆ ಗಟ್ಟಿಯಾಗುತ್ತೆ.

ಯಲಹಂಕ_ಏರ್‌ಲಾಕ್:

ಪ್ಲಾಸ್ಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಬಕೆಟ್ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತೆ, ನೋಡಿ. 2 ಅಂದರೆ ಎಚ್‌ಡಿಪಿಇ, 5 ಅಂದರೆ ಪಾಲಿಪ್ರೊಪಿಲೀನ್. ಎರಡೂ ಪರ್‌ಕಾರ್ಬೋನೇಟ್ ತಡೆಯುತ್ತವೆ. 1 ಇದ್ದರೆ ಪೆಟ್. ಜಾಸ್ತಿ ಬಿಸಿ ನೀರು ಹಾಕಿದರೆ ಸೊಟ್ಟಗಾಗುತ್ತೆ, ಬೆಚ್ಚಗಿನ ನೀರು ಸಾಕು. 20 ಲೀಟರ್ ನೀರಿನ ಕ್ಯಾನ್‌ಗಳಲ್ಲಿ ಕೆಲವು ಪಾಲಿಕಾರ್ಬೋನೇಟ್, ಅವುಗಳ ಮೇಲೆ 7 ಅಂತ ಇರುತ್ತೆ. ಬಿಸಿಯಾದ ಕ್ಷಾರ ಅದಕ್ಕೆ ಆಗಲ್ಲ, ಬಿರುಕು ಬಿಡುತ್ತೆ.

ಪ್ಲಾಸ್ಟಿಕ್‌ನ ದೊಡ್ಡ ಶತ್ರು ಗೀರು. ಹಸಿರು ಸ್ಕ್ರಬ್ಬರ್ ಹಾಕಿ ಉಜ್ಜಿದರೆ ಬಕೆಟ್ ಒಳಗೆ ಸಾವಿರ ಗೀರು ಬೀಳುತ್ತೆ. ಪ್ರತಿ ಗೀರಿನಲ್ಲೂ ಲೋಳೆ ಕೂರುತ್ತೆ, ಯಾವ ಸ್ಯಾನಿಟೈಸರ್ ಕೂಡ ಅಲ್ಲಿಗೆ ಸರಿಯಾಗಿ ತಲುಪಲ್ಲ. ಬರೀ ಕೈ ಅಥವಾ ಮೆದು ಬಟ್ಟೆ ಬಳಸಿ. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಗೀರು ತುಂಬಾ ಕಂಡರೆ ಆ ಬಕೆಟ್ ಅನ್ನು ಅಕ್ಕಿಗೋ ಬೇಳೆಗೋ ಬಿಟ್ಟುಕೊಡಿ.

ಪಾತ್ರೆ ತೊಳೆಯುವ ಲಿಕ್ವಿಡ್‌ನ ನಿಂಬೆ ಪರಿಮಳ ಪ್ಲಾಸ್ಟಿಕ್ ಹೀರಿಕೊಳ್ಳುತ್ತೆ. ಪರಿಮಳ ಇಲ್ಲದ್ದು ಬಳಸಿ. ಬಟ್ಟೆ ಕಲೆ ತೆಗೆಯುವ ಪುಡಿಗಳಲ್ಲೂ ಪರ್‌ಕಾರ್ಬೋನೇಟ್ ಇರುತ್ತೆ, ಜೊತೆಗೆ ಸುಗಂಧವೂ ಇರುತ್ತೆ. ಅದಕ್ಕೇ ಬರೀ ಪರ್‌ಕಾರ್ಬೋನೇಟ್ ತಗೊಳ್ಳಿ ಅನ್ನುವುದು.

ಸಿಲಿಕೋನ್ ಪೈಪ್ ಕುದಿಸಬಹುದು, ಚಿಂತೆ ಇಲ್ಲ. ಸೈಫನ್ ಕುದಿಸಬೇಡಿ. ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್ ಕೂಡ ತಾಗಿಸಬೇಡಿ, ಜೇಡರ ಬಲೆಯಂತೆ ಬಿರುಕು ಏಳುತ್ತೆ.

ಶುಂಠಿಸೋಡಾ_ಜಯನಗರ:

ನಿಂಬೆ ಉಪ್ಪು ಹಾಕಿದೆ, ಪೊರೆ ಮಾಯ. ಜಾಡಿ ಹೊಸದರ ಹಾಗಿದೆ. ಇನ್ನು ಕೊಲ್ಲುವ ಹಂತ ಹೇಳಿ. ಅಣ್ಣನ ಪೆಟ್ಟಿಗೆಯಲ್ಲಿ ಸ್ಟಾರ್ ಸ್ಯಾನ್ ಬಾಟಲಿ ಸಿಕ್ಕಿತು.

ಹುದುಗು_ಹೆಬ್ಬಾಳ:

ಒಳ್ಳೆಯದೇ ಸಿಕ್ಕಿದೆ. ಅದು ಫಾಸ್ಫಾರಿಕ್ ಆಮ್ಲ ಮತ್ತು ಸಾಬೂನು ಗುಣದ ಇನ್ನೊಂದು ಆಮ್ಲದ ಮಿಶ್ರಣ. 5 ಲೀಟರ್ ನೀರಿಗೆ ಸುಮಾರು 8 ಮಿಲಿ. ಒಳಗೆಲ್ಲಾ ತಾಗುವಂತೆ ಆಡಿಸಿ, ಒಂದೆರಡು ನಿಮಿಷ ಒದ್ದೆಯಾಗಿಟ್ಟು ಬಗ್ಗಿಸಿ. ಆಮೇಲೆ ನೀರಲ್ಲಿ ತೊಳೆಯಬೇಕಾಗಿಲ್ಲ. ನೊರೆ ಉಳಿದರೂ ಹೆದರಬೇಡಿ. ಅಳತೆ ಮಾತ್ರ ಸರಿ ಇರಬೇಕು, ಕಣ್ಣಂದಾಜು ಬೇಡ. ಔಷಧಿ ಸಿರಿಂಜ್‌ನಲ್ಲಿ ಅಳೆಯಿರಿ. ಬೋರ್‌ವೆಲ್ ನೀರಲ್ಲಿ ಕಲಸಿದರೆ ಮಂಕಾಗುತ್ತೆ. ಫಿಲ್ಟರ್ ನೀರು ಬಳಸಿ. ಪಿಎಚ್ 3ರ ಕೆಳಗಿರುವ ತನಕ ಕೆಲಸ ಮಾಡುತ್ತೆ. ತಾಮ್ರ, ಅಲ್ಯೂಮಿನಿಯಂ ಸಾಮಾನನ್ನು ಇದರಲ್ಲಿ ನೆನೆಸಿಡಬೇಡಿ.

ಆ ಬಾಟಲಿ ಖಾಲಿಯಾದ ಮೇಲೆ ಕುದಿ ನೀರೇ ಇದೆಯಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಅಷ್ಟು ಧಾರಾಳ ಸಾಕು. ಸ್ಟೀಲ್ ಪಾತ್ರೆ, ಚಮಚ, ಸಿಲಿಕೋನ್ ಪೈಪ್ ಎಲ್ಲಾ 10 ನಿಮಿಷ ಕುದಿಸಿ.

ಕೆಂಗೇರಿ_ಕಷಾಯ:

ಅಯೋಡಿನ್ ಬಳಸುತ್ತಾರಂತೆ. ಗಾಯಕ್ಕೆ ಹಚ್ಚುವ ಬೆಟಾಡಿನ್ ಆಗುತ್ತಾ?

ಡೈರಿ_ಮೇಷ್ಟ್ರು:

ಬೇಡ. ಬಳಸುವುದು ಆಹಾರ ಉದ್ಯಮಕ್ಕೆಂದೇ ಮಾಡಿದ ಅಯೋಡಿನ್ ದ್ರಾವಣ, ಅಯೋಡೋಫೋರ್. 12.5 ಪಿಪಿಎಂ (ಲೀಟರ್ ನೀರಲ್ಲಿ 12.5 ಮಿಲಿಗ್ರಾಂ ಅಯೋಡಿನ್), 2 ನಿಮಿಷ. ತಿಳಿ ಹಳದಿ ಬಣ್ಣ ಹೋದರೆ ಅದರ ಶಕ್ತಿ ಹೋಯಿತು ಅಂತ ಅರ್ಥ. ಹಸುವಿನ ಕೆಚ್ಚಲಿಗೆ ಅದ್ದುವ ಅಯೋಡಿನ್ ದ್ರಾವಣವೂ ಬೇಡ, ಚರ್ಮಕ್ಕೆಂದು ಅದರಲ್ಲಿ ಗ್ಲಿಸರಿನ್ ಇತ್ಯಾದಿ ಸೇರಿಸಿರುತ್ತಾರೆ. ಅಯೋಡಿನ್ ಬಿಳಿ ಪ್ಲಾಸ್ಟಿಕ್‌ಗೆ ಕಲೆ ಹಿಡಿಸುತ್ತೆ, ಅದೂ ಗೊತ್ತಿರಲಿ.

ತಾಮ್ರದ_ಚೆಂಬು:

ಇಷ್ಟೆಲ್ಲಾ ತರುತ್ತೀರಲ್ಲ, ಎಲ್ಲಿ ಇಡುತ್ತೀರಿ? ನೀರಿನ ಹಳೇ ಬಾಟಲಿಗೆ ಸುರಿದು ಸಿಂಕ್ ಕೆಳಗೆ ಇಡಬೇಡಿ. ಬೇಸಿಗೆಯಲ್ಲಿ ಮಕ್ಕಳು ಬಾಯಾರಿ ಬಂದು ಬಾಟಲಿ ಕಂಡರೆ ಕುಡಿದೇಬಿಡುತ್ತವೆ. ಬಂದ ಡಬ್ಬಿಯಲ್ಲೇ ಇರಲಿ, ಮೇಲಿನ ಅಟ್ಟದಲ್ಲಿ ಇರಲಿ. ಮನೆಗೆಲಸಕ್ಕೆ ಬರುವವರಿಗೂ ಯಾವುದು ಏನು ಅಂತ ಬಾಯಲ್ಲೇ ಹೇಳಿ. ಲೇಬಲ್ ಇಂಗ್ಲಿಷಿನಲ್ಲಿದ್ದರೆ ಅವರಿಗೇನು ಗೊತ್ತಾಗಬೇಕು? ಗ್ಲೌಸ್ ಇಲ್ಲದೆ ಆ ಪುಡಿ ನೀರಿಗೆ ಅವರ ಕೈ ಹಾಕಿಸಬೇಡಿ.

ಶುಂಠಿಸೋಡಾ_ಜಯನಗರ:

ಅಮ್ಮ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕನ್ನಡದಲ್ಲಿ ಬರೆದು ಅಂಟಿಸುತ್ತೇನೆ, ಬಾಯಲ್ಲೂ ಹೇಳುತ್ತೇನೆ.

ಕೊನೆಯ ಪ್ರಶ್ನೆ. ಸ್ಟೀಲ್ ಪಾತ್ರೆಯ ನಲ್ಲಿಯನ್ನು ಬಿಚ್ಚಬೇಕಾ, ಅಥವಾ ಸುಮ್ನೆ ಬಿಸಿ ನೀರು ಹರಿಸಿದರೆ ಸಾಕಾ?

ಯಲಹಂಕ_ಏರ್‌ಲಾಕ್:

ಬಿಚ್ಚಲೇಬೇಕು. ಒಳಗೆ ತಿರುಗುವ ಗುಂಡು ಇರುತ್ತಲ್ಲ, ಅದರ ಹಿಂದೆ ಹೊರಗಿನಿಂದ ಕಾಣದ ಸಂದು ಇದೆ. ಹಳೇ ಗಸಿ ಸೇರುವುದೇ ಅಲ್ಲಿ. ಬಿಡಿಭಾಗಗಳನ್ನು ಪರ್‌ಕಾರ್ಬೋನೇಟ್‌ನಲ್ಲಿ ನೆನೆಸಿ, ಸಣ್ಣ ಬ್ರಷ್‌ನಲ್ಲಿ ತಿಕ್ಕಿ, ವಾಷರ್ ಗಟ್ಟಿಯಾಗಿದ್ದರೆ ಹೊಸದು ಹಾಕಿ. ಬಿಚ್ಚುವ ಮೊದಲು ಪ್ರತಿ ಹಂತದ ಫೋಟೋ ತೆಗೆದುಕೊಳ್ಳಿ.

ಶುಂಠಿಸೋಡಾ_ಜಯನಗರ:

ಬಿಚ್ಚಿದೆ. ಕಪ್ಪು ಲೋಳೆ, ಕೆಟ್ಟ ವಾಸನೆ. ಇನ್ನೊಂದು ವಿಷಯ, ಹೊರಗೆ ಬೆಳ್ಳಿ ಬಣ್ಣ ಇದೆ, ಆದರೆ ದಾರ ತೆಗೆದಿರುವ ಕಡೆ ಹಳದಿ ಕಾಣುತ್ತಿದೆ.

ಡೈರಿ_ಮೇಷ್ಟ್ರು:

ಹಾಗಾದರೆ ಅದು ಹಿತ್ತಾಳೆ, ಮೇಲೆ ಲೇಪನ ಕೊಟ್ಟಿದ್ದಾರೆ. ಹಿತ್ತಾಳೆ ನಲ್ಲಿಗಳಲ್ಲಿ ಸ್ವಲ್ಪ ಸೀಸ ಇರುವ ಸಾಧ್ಯತೆ ಇದೆ, ಹುಳಿ ತಾಗಿದರೆ ಅದು ಬಿಡುತ್ತೆ. ಟೀ ನೀರು ಕಾಯಿಸಲು ಪರವಾಗಿಲ್ಲ ಅನ್ನಬಹುದು, ಕೊಂಬುಚಾ ಅದರ ಮೂಲಕ ಹರಿಯುವುದು ಬೇಡ. ನಲ್ಲಿಯನ್ನು ತಗೊಂಡು ಹೋಗಿ, ಅದೇ ಅಳತೆಯ 304 ಸ್ಟೀಲ್‌ನದ್ದು ಕೇಳಿ. ಅದು ಸಿಗುವ ತನಕ ಗಾಜಿನ ಜಾಡಿಯಲ್ಲೇ ಹುದುಗಿಸಿ, ಸಿಲಿಕೋನ್ ಪೈಪಿನಿಂದ ಬಾಟಲಿಗೆ ಇಳಿಸಿಕೊಳ್ಳಿ.